ಸಂತಮಸ ಯಾಕೆ ಬೀಳುವುದಿಲ್ಲ?

ಪ್ರಶ್ನೆ: ಭಾರತ ಹೆಸರಿಟ್ಟ ‘ಸಂತಮಸ’ ಎಂಬ ದೈತ್ಯ ಗ್ರಹ ತನ್ನ ನಕ್ಷತ್ರಕ್ಕೆ ಅಂಟಿಕೊಂಡಂತೆ ಸುತ್ತುತ್ತದಂತೆ. ಅದು ಒಳಗೆ ಬಿದ್ದು ಸುಟ್ಟುಹೋಗುವುದಿಲ್ಲವೇ? ನೀವು ಅದನ್ನು ನೋಡಿದ್ದೀರಾ?

ಉತ್ತರ: ಕೊನೆಯದಕ್ಕೆ ಮೊದಲು ಉತ್ತರಿಸುತ್ತೇನೆ. ಇಲ್ಲ, ನಾನು ನೋಡಿದ್ದು ಅದರ ನಕ್ಷತ್ರವನ್ನು ಮಾತ್ರ. ಸಿಂಹರಾಶಿಯ ಮಖಾ ನಕ್ಷತ್ರದಿಂದ ದಕ್ಷಿಣಕ್ಕೆ, ಕೈ ಚಾಚಿ ಹಿಡಿದರೆ ಒಂದೂವರೆ ಮುಷ್ಟಿ ದೂರದಲ್ಲಿ, ಸೆಕ್ಸ್‌ಟನ್ಸ್ ಎಂಬ ಮಂಕು ಪುಂಜದಲ್ಲಿದೆ. ಬರಿಗಣ್ಣಿಗೆ ಕಾಣದು. ನನ್ನ ನಾಲ್ಕಿಂಚಿನ ದೂರದರ್ಶಕದಲ್ಲಿ ಎರಡು ರಾತ್ರಿ ತಡಕಾಡಿದೆ. ಮೂರನೆಯ ರಾತ್ರಿ ನಕ್ಷೆಯನ್ನು ತಲೆಕೆಳಗೆ ಹಿಡಿದಾಗ ಸಿಕ್ಕಿತು. ದೂರದರ್ಶಕ ಬಿಂಬವನ್ನು ತಿರುಗಿಸುತ್ತದೆಂಬುದನ್ನೇ ಮರೆತಿದ್ದೆ!

2019ರಲ್ಲಿ ಆ ನಕ್ಷತ್ರಕ್ಕೆ, ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳನ್ನು ಅಧ್ಯಯನ ಮಾಡಿದ ಭೌತವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗೆ ‘ಬಿಭಾ’ ಎಂದು ಹೆಸರಿಟ್ಟರು. ಬಂಗಾಳಿಯ ಬಿಭಾ ಎಂದರೆ ನಮ್ಮ ವಿಭಾ, ಬೆಳಕು. ಗ್ರಹಕ್ಕೆ ಮೋಡ ಮುಸುಕಿದ್ದು ಎಂಬ ಅರ್ಥದಲ್ಲಿ ‘ಸಂತಮಸ’. ಹೆಸರೇನೋ ಚೆಂದ, ಆದರೆ ಸಂಸ್ಕೃತದಲ್ಲಿ ಆ ಪದಕ್ಕೆ ಸುತ್ತಲೂ ಕವಿದ ಕತ್ತಲೆಯೆಂದೇ ಅರ್ಥ. ಕತ್ತಲೆಯೆಲ್ಲಿ ಬಂತು, ಆ ಗ್ರಹದಿಂದ ನೋಡಿದರೆ ಬಿಭಾ ನಮಗೆ ಕಾಣುವ ಸೂರ್ಯನಿಗಿಂತ ಸುಮಾರು ಮೂವತ್ತು ಪಟ್ಟು ಅಗಲವಾಗಿ ಕಂಡೀತು!

ಈಗ ಬೀಳುವ ವಿಚಾರ. ಬುಧ ಸೂರ್ಯನಿಂದಿರುವ ದೂರದ ಹತ್ತನೇ ಒಂದು ಭಾಗದಲ್ಲಿ ಸಂತಮಸ ಸುತ್ತುತ್ತದೆ. ಅದರ ಒಂದು ವರ್ಷ ಎಂದರೆ ನಮ್ಮ ಎರಡು ದಿನ, ಮೂರು ಗಂಟೆ ಚಿಲ್ಲರೆ. ಲೆಕ್ಕ ಹಾಕಿದರೆ ವೇಗ ಸೆಕೆಂಡಿಗೆ ಸುಮಾರು 200 ಕಿ.ಮೀ.; ನಮ್ಮ ಭೂಮಿಯದು 30. ಅದು ಬೀಳುತ್ತಲೇ ಇದೆ, ಆದರೆ ಅಷ್ಟೇ ಬಿರುಸಾಗಿ ಪಕ್ಕಕ್ಕೂ ಓಡುತ್ತಿರುವುದರಿಂದ ನಕ್ಷತ್ರ ಪ್ರತಿಸಲ ತಪ್ಪಿಹೋಗುತ್ತದೆ. ಗುರುವಿನ ಕನಿಷ್ಠ ಒಂದೂವರೆ ಪಟ್ಟು ತೂಕದ ಈ ಗ್ರಹ ನಕ್ಷತ್ರವನ್ನೂ ಸುಮ್ಮನಿರಗೊಡುವುದಿಲ್ಲ. ಬಿಭಾ ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಹಿಂದೆ ಮುಂದೆ ತೂಗುತ್ತದೆ. ನಕ್ಷತ್ರದ ಬೆಳಕನ್ನು ಬಣ್ಣಗಳಾಗಿ ಬಿಡಿಸಿದಾಗ ಸಿಗುವ ರೋಹಿತದ ಗೆರೆಗಳಲ್ಲಿ ಕಂಡ ಆ ತೂಗಾಟದಿಂದಲೇ 2006ರಲ್ಲಿ ಗ್ರಹದ ಸುಳಿವು ಸಿಕ್ಕಿದ್ದು.

‘ಸುಡುವುದು’ ಸರಿಯಾದ ಮಾತಲ್ಲ, ಅದಕ್ಕೆ ಆಮ್ಲಜನಕ ಬೇಕು. ಇಂಥ ಗ್ರಹಗಳ ಮೇಲ್ಪದರದ ಹೈಡ್ರೋಜನ್ ಸೋರಿಹೋಗಬಹುದು, ಆದರೆ ಗುರುತ್ವ ಬಲವಾಗಿದ್ದರೆ ಬೇಗ ಖಾಲಿಯಾಗದು.

ಹಾಗೆಂದು ಬೀಳುವುದೇ ಇಲ್ಲವೆಂದಲ್ಲ. ವಾಸ್ಪ್-12ಬಿ ಎಂಬ ಇನ್ನೊಂದು ದೈತ್ಯನ ಸುತ್ತಿನ ಅವಧಿ ವರ್ಷಕ್ಕೆ ಸುಮಾರು 29 ಮಿಲಿಸೆಕೆಂಡ್ ಕಡಿಮೆಯಾಗುತ್ತಿದೆ. ನಮ್ಮ ಕಡಲಿನಲ್ಲಿ ಉಬ್ಬರವಿಳಿತ ತರುವಂಥ ಸೆಳೆತವೇ ಅದರ ಕಕ್ಷೆಯನ್ನು ಕುಗ್ಗಿಸುತ್ತಿದೆ. ಅದಕ್ಕೆ ಉಳಿದಿರುವುದು ಕೆಲವು ದಶಲಕ್ಷ ವರ್ಷ.