ದುಬೈ ಫ್ಲ್ಯಾಟಿಗೆ ಬಿಲ್ಡರ್ ಕಡೆಯ ವಕೀಲರು ಬೇಡ

ನಿಮ್ಮ ತಮ್ಮ ದುಬೈನಲ್ಲಿ ಇನ್ನೂ ಕಟ್ಟುತ್ತಿರುವ ಫ್ಲ್ಯಾಟಿಗೆ ದುಡ್ಡು ಕೊಟ್ಟಿದ್ದಾರೆ, ನೋಂದಣಿ ಆಗಿದೆಯೋ ಇಲ್ಲವೋ ಗೊತ್ತಿಲ್ಲ, ಬಿಲ್ಡರ್ ಹೇಳಿದ ವಕೀಲರನ್ನೇ ಹಿಡಿಯಬಹುದಾ ಅಂತ ತೀರ್ಥಹಳ್ಳಿಯಿಂದ ಕೇಳಿದ್ದೀರಿ. ದಯವಿಟ್ಟು ಬೇಡ. ಬಿಲ್ಡರ್ ಕೆಲಸ ಮಾಡಿಕೊಡುವವರು ನಿಮ್ಮ ಪರ ಗಟ್ಟಿಯಾಗಿ ನಿಲ್ಲುವುದು ಕಷ್ಟ ಅಲ್ವಾ? ಶಿವಮೊಗ್ಗದ ವಕೀಲರು ಎಷ್ಟೇ ಒಳ್ಳೆಯವರಾದರೂ ಅಲ್ಲಿನ ಕೋರ್ಟಿನಲ್ಲಿ ವಾದ ಮಾಡಲು ಆಗುವುದಿಲ್ಲ, ದುಬೈ ಲೈಸೆನ್ಸ್ ಇದ್ದು ಮನೆ-ಜಾಗದ ಕೇಸುಗಳನ್ನೇ ಜಾಸ್ತಿ ನಡೆಸುವವರು ಬೇಕು. ಮೊದಲ ಭೇಟಿಯಲ್ಲೇ ಕೇಳಿ: ಈ ಖರೀದಿ ದುಬೈ ಲ್ಯಾಂಡ್ ಡಿಪಾರ್ಟ್‌ಮೆಂಟಿನ ತಾತ್ಕಾಲಿಕ ರಿಜಿಸ್ಟರಿನಲ್ಲಿ (ಇನ್ನೂ ಕಟ್ಟುತ್ತಿರುವ ಮನೆಗಳ ಮಾರಾಟ ಬರೆದಿಡುವ ಪುಸ್ತಕ) ಇದೆಯಾ, ಹಣ ಎಸ್ಕ್ರೋ ಖಾತೆಗೇ, ಅಂದರೆ ಆ ಕಟ್ಟಡದ ಕೆಲಸಕ್ಕೆಂದೇ ಬ್ಯಾಂಕಿನಲ್ಲಿ ಬೇರೆಯಾಗಿ ಇಟ್ಟ ಖಾತೆಗೇ ಹೋಗಿದೆಯಾ? ದುಬೈನ 2008ರ ಕಾನೂನಿನ ಪ್ರಕಾರ ಆ ರಿಜಿಸ್ಟರಿಗೆ ಸೇರದ ಇಂಥ ಮಾರಾಟಕ್ಕೆ ಮಾನ್ಯತೆ ಇಲ್ಲ. ಪಹಣಿ ನೋಡದೆ ನಾವು ಅಡಿಕೆ ತೋಟ ಕೊಳ್ಳುತ್ತೇವಾ? ದಾಖಲೆ ತೆಗೆಸದೆ ಸುಮ್ನೆ "ಎಲ್ಲಾ ಸರಿ ಇದೆ" ಅನ್ನುವವರನ್ನು ಬಿಡಿ. ಫೀಸು ಎಷ್ಟೆಂದು ಬರೆಸಿಕೊಳ್ಳಿ. ಪವರ್ ಆಫ್ ಅಟಾರ್ನಿ ಕೊಡುವುದಾದರೆ ಅದರಲ್ಲಿ ಮಾರುವ ಅಧಿಕಾರ ಖಂಡಿತ ಸೇರಿಸಬೇಡಿ.