ಅದೇ ಗುಂಡಿ, ಹೊಸ ಸಸಿ

ನಮಸ್ಕಾರ ಮೇಷ್ಟ್ರೇ,

ನಿಮ್ಮ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಸಂಕಟವಾಯಿತು. ಪ್ಲಾಸ್ಟಿಕ್ ವಿರುದ್ಧ ಪ್ರಬಂಧ ಬರೆದು ಗೆದ್ದ ಹುಡುಗ, ಬಹುಮಾನದ ಪೆನ್ನಿನ ಕವರನ್ನು ವೇದಿಕೆ ಪಕ್ಕದಲ್ಲೇ ಎಸೆದ ಅಂತ ಬರೆದಿದ್ದೀರಿ. ಹೈಸ್ಕೂಲು ಮಕ್ಕಳಿಗೆ ಪರಿಸರದ ಮೌಲ್ಯ ಕಲಿಸೋದು ಹೇಗೆ ಅಂತ ಕೇಳಿದ್ದೀರಿ.

ಹುಡುಗನನ್ನು ಬೈಯಬೇಡಿ. ಅವನಿಗೆ ಕೊಟ್ಟಿದ್ದು ಬರೆಯುವ ಕೆಲಸ, ಚೆನ್ನಾಗೇ ಬರೆದ. ನಾನು ಓದಿದ ಶಾಲೆಯಲ್ಲೂ ಪ್ರತಿ ಜೂನ್ 5ಕ್ಕೆ ಸಸಿ ನೆಡುತ್ತಿದ್ದೆವು. ಮೂರು ವರ್ಷವೂ ಅದೇ ಗುಂಡಿ. ಹಿಂದಿನ ಸಸಿ ಬೇಸಿಗೆ ರಜೆಯಲ್ಲಿ ಒಣಗಿರುತ್ತಿತ್ತು, ತೋಡುವ ಶ್ರಮ ಉಳಿಯುತ್ತಿತ್ತು!

ಶಾಲೆಗಳಲ್ಲಿ ಪರಿಸರ ಪಾಠ ಇರಲೇಬೇಕು ಅಂತ ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತ್ತು. ವಕೀಲ ಎಂ.ಸಿ. ಮೆಹ್ತಾ ಹಾಕಿದ್ದ ಕೇಸು ಅದು. ಪಾಠವೇನೋ ಬಂತು. ಜೊತೆಗೆ ಪ್ರಶ್ನೆಪತ್ರಿಕೆಯೂ ಬಂತು.

ಮೌಲ್ಯದ ಮಾತನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಶಾಲೆ ಹಿಂದೆ ಬಾವಿ ಇದೆ ಅಂದಿರಲ್ಲ, ಅದನ್ನು ಮಕ್ಕಳ ಕೈಗೆ ಕೊಡಿ. ಒಂದು ಹಗ್ಗ, ತುದಿಗೆ ಕಲ್ಲು, ಅರ್ಧ ಅಡಿಗೊಂದು ಗಂಟು. ಪ್ರತಿ ಸೋಮವಾರ, ಪಂಪ್ ಹಾಕುವ ಮೊದಲು, ಕಟ್ಟೆಯಿಂದ ನೀರಿಗೆ ಎಷ್ಟು ಗಂಟು ಅಂತ ಎಣಿಸಿ ಬರೆಯಲಿ. (ನೀವು ಪಕ್ಕದಲ್ಲೇ ಇರಿ. ಕಟ್ಟೆ ಗಟ್ಟಿ ಇದೆಯಾ, ಮೊದಲು ನೋಡಿ.) ಮಳೆ ಅಳೆಯಲು ನೇರ ಗೋಡೆಯ ಡಬ್ಬಿ, ಒಂದು ಸ್ಕೇಲು ಸಾಕು. ಗ್ರಾಫ್ ಗಣಿತದ ಮೇಷ್ಟ್ರ ಪಾಲಿಗಿರಲಿ.

ಬೇಸಿಗೆಯ ಮೊದಲ ಮಳೆ ಜೋರಾಗಿ ಹೊಡೆದರೂ ಬಾವಿ ಸಾಮಾನ್ಯವಾಗಿ ಏರುವುದಿಲ್ಲ. ಒಣಗಿದ ಮಣ್ಣೇ ಅದನ್ನು ಕುಡಿದುಬಿಡುತ್ತದೆ. ಇದನ್ನು ಮೊದಲೇ ಹೇಳಬೇಡಿ. 'ಯಾಕೆ ಸಾರ್ ಏರಲಿಲ್ಲ?' ಅಂತ ಅವರೇ ಬರಲಿ. ಫೆಬ್ರವರಿ ದಾಟಿ ಗಂಟು ಜಾಸ್ತಿಯಾಗುತ್ತಾ ಹೋದಾಗ, ಯಾರ ಬೋರ್‌ವೆಲ್ ಎಷ್ಟು ಹೊತ್ತು ಓಡುತ್ತದೆ ಅನ್ನುವ ವಿಚಾರಣೆಯೂ ಶುರುವಾಗುತ್ತದೆ. ಅದರಲ್ಲಿ ಯಾರದೋ ಅಪ್ಪನ ಬೋರೂ ಇರುತ್ತದೆ. ಆ ಜಗಳಕ್ಕೆ ನೀವು ತಯಾರಿರಬೇಕು.

1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಕಡೆಯವರು ಮರ ಅಪ್ಪಿಕೊಂಡು ಕೊಡಲಿಗೆ ಅಡ್ಡ ನಿಂತರಲ್ವಾ, ಅಪ್ಪಿಕೋ ಚಳವಳಿ. ಅವರು ಪ್ರಬಂಧ ಬರೆದು ಅಲ್ಲಿಗೆ ಹೋದವರಲ್ಲ. ಅಡಿಕೆ ತೋಟಕ್ಕೆ ಸೊಪ್ಪು ಎಲ್ಲಿಂದ ಬರುತ್ತದೆ, ಕಾಡು ಹೋದರೆ ಹಳ್ಳದ ನೀರಿನ ಗತಿ ಏನು ಅನ್ನೋದು ಅವರಿಗೆ ದಿನಾ ಕಣ್ಣಿಗೆ ಬೀಳುತ್ತಿತ್ತು.

ಒಂದು ಮಾತು: ಈ ಕೆಲಸಕ್ಕೆ ಅಂಕ ಕೊಡಬೇಡಿ. ಕೊಟ್ಟರೆ ಮನೆಯಲ್ಲೇ ಕೂತು ಸುಮ್ನೆ ಗಂಟಿನ ಲೆಕ್ಕ ತುಂಬಿಬಿಡುತ್ತಾರೆ. ನಾವು ಲ್ಯಾಬ್ ರೆಕಾರ್ಡ್ ಬರೆದದ್ದೂ ಹಾಗೇ ಅಲ್ವಾ? ವರ್ಷ ತುಂಬಿದ ಮೇಲೆ ಗ್ರಾಫ್ ಕಳಿಸಿ, ಅಚ್ಚು ಹಾಕುತ್ತೇವೆ. ಬಿಟ್ಟುಹೋದ ಸೋಮವಾರಗಳನ್ನು ಖಾಲಿಯೇ ಬಿಡಿ.

– ಸಂಪಾದಕ