ಮೇಷ್ಟ್ರನ್ನು ಕೇಳಿ: ಅಪ್ಪನ ಹೆಸರಿದ್ದ ಜನಗಣತಿ ಹಾಳೆ ಎಲ್ಲಿ ಹೋಯಿತು?

ಪ್ರಶ್ನೆ: ಮೇಷ್ಟ್ರೇ, ನನ್ನ ಮೊಮ್ಮಗ ಕೆನಡಾದಲ್ಲಿ ಓದುತ್ತಿದ್ದಾನೆ. ಅವನ ಪಂಜಾಬಿ ಗೆಳೆಯನೊಬ್ಬ ಅಲ್ಲಿನ 1911ರ ಜನಗಣತಿಯಲ್ಲಿ ತನ್ನ ಮುತ್ತಜ್ಜನ ಹೆಸರನ್ನು ಮನೆಯಲ್ಲೇ ಕೂತು ಹುಡುಕಿದನಂತೆ. ನಮ್ಮ ತಂದೆ ಹುಟ್ಟಿದ್ದು 1928ರಲ್ಲಿ. 1931ರ ಗಣತಿಯಲ್ಲಿ ಅವರ ಹೆಸರು ಬರೆದಿರಲೇಬೇಕಲ್ವಾ? ಅದನ್ನು ನೋಡಲು ಯಾವ ಆಫೀಸಿಗೆ ಅರ್ಜಿ ಹಾಕಬೇಕು?
— ಹಾಸನದ ಓದುಗರು

ಉತ್ತರ: ಸ್ವಾಮಿ, ಯಾವ ಆಫೀಸಿಗೆ ಅಲೆದರೂ ಅದು ಸಿಗುವುದಿಲ್ಲ. ಲೆಕ್ಕ ಕೂಡಿಸಿ ವರದಿ ಅಚ್ಚಾದ ಮೇಲೆ ಮನೆಮನೆಯ ಹಾಳೆಗಳನ್ನು ನಾಶ ಮಾಡುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಉಳಿದಿರುವುದು ಅಂಕಿಗಳು ಮಾತ್ರ. 1871ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನರಿದ್ದರು, 1881ಕ್ಕೆ ಸುಮಾರು 42 ಲಕ್ಷಕ್ಕೆ ಇಳಿದರು, ನಡುವೆ 1876-78ರ ಭೀಕರ ಬರ ಬಂತು. ಇಷ್ಟು ಗೊತ್ತಾಗುತ್ತದೆ. ಆ ಬರದಲ್ಲಿ ನಿಮ್ಮೂರಿನ ಯಾವ ಮನೆ ಖಾಲಿಯಾಯಿತು ಎಂದು ಕೇಳಿದರೆ ಉತ್ತರ ಹೇಳುವ ಕಾಗದವೇ ಇಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

ಸ್ವಾತಂತ್ರ್ಯದ ನಂತರ 1948ರಲ್ಲಿ ಜನಗಣತಿ ಕಾಯ್ದೆ ಬಂತು. ಅದರ 15ನೇ ಸೆಕ್ಷನ್ ಪ್ರಕಾರ ಗಣತಿದಾರ ಬರೆದ ಪುಸ್ತಕ, ರಿಜಿಸ್ಟರ್, ದಾಖಲೆ ನೋಡುವ ಹಕ್ಕು ಯಾರಿಗೂ ಇಲ್ಲ. ಎಷ್ಟು ವರ್ಷ ಅಂತ ಅದರಲ್ಲಿಲ್ಲ. ಐವತ್ತು ವರ್ಷವಾದರೂ ಇಲ್ಲ, ನೂರು ವರ್ಷವಾದರೂ ಇಲ್ಲ.

ಕೆನಡಾದವರಿಗೂ ಅದು ಸುಮ್ನೆ ಸಿಕ್ಕಿದ್ದಲ್ಲ. ಅಲ್ಲಿ 1901ರ ಗಣತಿ 92 ವರ್ಷದ ನಂತರ, 1993ರಲ್ಲಿ, ಜನರ ಕೈಗೆ ಬಂತು. ಮುಂದಿನದು 1906ರದ್ದು. ಅದನ್ನು ಕೊಡುವುದಿಲ್ಲ ಎಂದು ಅಂಕಿಅಂಶ ಇಲಾಖೆ ಪಟ್ಟು ಹಿಡಿಯಿತು. 1906ರ ಕಾಲದ ಪ್ರಧಾನಿ ಲಾರಿಯೇ ಅವರ ಸರ್ಕಾರ ಜನರಿಗೆ ಗುಟ್ಟು ಕಾಪಾಡುವ ಭರವಸೆ ಕೊಟ್ಟಿತ್ತು ಎಂಬುದು ಇಲಾಖೆಯ ವಾದ. ಆಗ ಮನೆತನದ ಇತಿಹಾಸ ಹುಡುಕುವ ಸಾಮಾನ್ಯ ಜನ ಎದ್ದು ನಿಂತರು. ಸಹಿ ಸಂಗ್ರಹಿಸಿದರು, ಸಂಸದರಿಗೆ ಪತ್ರದ ಮೇಲೆ ಪತ್ರ ಬರೆದರು. ಲೋರ್ನಾ ಮಿಲ್ನೆ ಎಂಬ ಸೆನೆಟರ್ ಅವರ ಬೆನ್ನಿಗೆ ನಿಂತರು.

ನನಗೆ ಬಹಳ ಇಷ್ಟವಾದದ್ದು ಅವರು ಹಳೆಯ ಗಣತಿದಾರರ ಸೂಚನಾ ಪುಸ್ತಕವನ್ನೇ ತೆಗೆದು ಓದಿದ್ದು. ಗುಟ್ಟು ಬಿಡಬಾರದು ಎಂದು ಅಲ್ಲಿ ಹೇಳಿದ್ದು ಮನೆಮನೆಗೆ ಹೋಗುವ ಗಣತಿದಾರನಿಗೆ. ಅದೇ ಪುಸ್ತಕದಲ್ಲಿ, ಈ ಗಣತಿ ಶಾಶ್ವತ ದಾಖಲೆ, ಹಾಳೆಗಳನ್ನು ದೇಶದ ಪತ್ರಾಗಾರದಲ್ಲಿ ಇಡಲಾಗುತ್ತದೆ ಎಂದೂ ಇತ್ತು! 1981ರಲ್ಲಿ ನಾನೂ ಹೆಗಲಿಗೆ ಚೀಲ ಹಾಕಿಕೊಂಡು ಬೀದಿ ಬೀದಿ ಸುತ್ತಿ ಒಬ್ಬೊಬ್ಬರಿಗೂ ಒಂದೊಂದು ಚೀಟಿ ತುಂಬಿದವನು. ನಮಗೂ ತರಬೇತಿಯಲ್ಲಿ ಇದನ್ನೇ ಹೇಳಿದ್ದರು: ಒಂದು ಮನೆಯ ಮಾತು ಇನ್ನೊಂದು ಮನೆಗೆ ಹೋಗಬಾರದು. ಅದು ನೆರೆಹೊರೆಯ ಮರ್ಯಾದೆಗಾಗಿ ಇದ್ದ ನಿಯಮ. ಮರಿಮಕ್ಕಳಿಂದ ಬಚ್ಚಿಡುವುದಕ್ಕಲ್ಲ.

ನಿವೃತ್ತ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಲಾ ಫಾರೆಸ್ಟ್ ಅವರೂ ಸದಸ್ಯರಾಗಿದ್ದ ತಜ್ಞರ ಸಮಿತಿಯೂ 92 ವರ್ಷದ ಮೇಲೆ ಕೊಡಿ ಎಂದಿತು. 2003ರಲ್ಲಿ 1906ರ ಗಣತಿ ಹೊರಬಂತು. 2005ರಲ್ಲಿ ಕಾನೂನೇ ತಿದ್ದುಪಡಿಯಾಗಿ 1911ರದ್ದೂ ಸಿಕ್ಕಿತು. ನಿಮ್ಮ ಮೊಮ್ಮಗನ ಗೆಳೆಯ ನೋಡಿದ್ದು ಅದನ್ನೇ. ಹೆಸರು, ಹುಟ್ಟಿದ ತಿಂಗಳು, ದೇಶಕ್ಕೆ ಬಂದ ವರ್ಷ, ಕಸುಬು, ಸಂಬಳ, ಓದು ಬರಹ ಬರುತ್ತದೆಯೇ ಎಂಬುದು ಕೂಡ ಅದರಲ್ಲಿದೆ. ಮರದ ಮಿಲ್ಲುಗಳಲ್ಲಿ ಬೆವರು ಸುರಿಸಿದ ಪಂಜಾಬಿಗಳಿಗೆ ಆಗ ಅಲ್ಲಿ ಓಟಿನ ಹಕ್ಕೂ ಇರಲಿಲ್ಲ. ಆದರೂ ಅವರ ಹೆಸರು ಉಳಿಯಿತು.

ಪ್ರಶ್ನೆ: ಮನೆಯ ವಿಷಯ ಮನೆಯಲ್ಲೇ ಇರಬೇಕಲ್ವಾ? ಯಾರಿಗೆ ಎರಡನೇ ಸಂಬಂಧ, ಯಾರಿಗೆ ಮಾನಸಿಕ ಕಾಯಿಲೆ, ಎಲ್ಲ ಊರಿಗೆ ಗೊತ್ತಾಗಬೇಕಾ? ಸರ್ಕಾರವೇ ಅದನ್ನು ದುರುಪಯೋಗ ಮಾಡಿದರೆ?
— ದಾವಣಗೆರೆಯ ಗೃಹಿಣಿ

ಉತ್ತರ: ನಿಮ್ಮ ಭಯ ಸರಿಯಾದದ್ದೇ ತಾಯಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಸರ್ಕಾರ ಜಪಾನೀ ಮೂಲದವರನ್ನು ಹಿಡಿದು ಶಿಬಿರಗಳಿಗೆ ಅಟ್ಟುವಾಗ 1940ರ ಗಣತಿಯ ಮಾಹಿತಿ ಬಳಸಿಕೊಂಡಿತು. ಆದರೆ ಗಮನಿಸಿ, ಅದು ನಡೆದದ್ದು ಎರಡೇ ವರ್ಷದೊಳಗೆ, ಆ ಜನ ಬದುಕಿದ್ದಾಗಲೇ. ಅದನ್ನು ತಡೆಯುವ ಬೇಲಿ ಗಟ್ಟಿಯಾಗಿಯೇ ಇರಬೇಕು. ಇವತ್ತಿನ ಗಣತಿಯನ್ನು ಇವತ್ತೇ ತೋರಿಸಿ ಎಂದು ನಾನು ಖಂಡಿತ ಹೇಳುವುದಿಲ್ಲ.

ಬ್ರಿಟನ್ ಮಾಡಿದ್ದು ನೋಡಿ. ಅಲ್ಲಿನ 1911ರ ಗಣತಿಗೆ ನೂರು ವರ್ಷ ಕಾಯಬೇಕಿತ್ತು. ಮಾಹಿತಿ ಹಕ್ಕಿನಡಿ ಒಬ್ಬರು ಹಟ ಹಿಡಿದು ಕೇಳಿದ್ದರಿಂದ 2009ರಲ್ಲೇ ಸಿಕ್ಕಿತು. ಆದರೆ ಅಂಗವಿಕಲತೆ, ಕಾಯಿಲೆ ಬರೆದ ಕಾಲಂ ಒಂದನ್ನು 2012ರವರೆಗೆ ಮುಚ್ಚಿಟ್ಟರು. ಹೀಗೆ ವಿವೇಚನೆಯಿಂದ ಮಾಡಬಹುದು. ಅದೇ ಗಣತಿಯಲ್ಲಿ ಎಮಿಲಿ ವೈಲ್ಡಿಂಗ್ ಡೇವಿಸನ್ ಎಂಬ ಹೋರಾಟಗಾರ್ತಿಯ ಹಾಳೆ ಇದೆ. ಹೆಂಗಸರಿಗೆ ಓಟಿಲ್ಲದ ಮೇಲೆ ನಮ್ಮನ್ನು ಎಣಿಸುವುದೇಕೆ ಎಂದು ಬಹಿಷ್ಕಾರ ಹೂಡಿದವರಲ್ಲಿ ಅವರೂ ಒಬ್ಬರು. ಗಣತಿಯ ರಾತ್ರಿ ಸಂಸತ್ತಿನ ನೆಲಮಾಳಿಗೆಯಲ್ಲಿ ಅಡಗಿದ್ದರು. ಅಲ್ಲಿ ಅಡಗಿದ್ದಾಗ ಸಿಕ್ಕವರು ಎಂದೇ ಹಾಳೆಯಲ್ಲಿ ಬರೆದಿದೆ.

ನಮ್ಮಲ್ಲಿ ಬ್ರಿಟಿಷರ ಕಾಲದ ಗಣತಿದಾರರಿಗೆ ಒಂದು ಸೂಚನೆ ಇತ್ತು. ಮನೆಯವರು ಹೆಂಗಸಿನ ಹೆಸರು ಹೇಳಲು ಒಪ್ಪದಿದ್ದರೆ ಹೆಸರಿನ ಜಾಗದಲ್ಲಿ ಬರೀ ‘ಹೆಂಗಸು’ ಎಂದು ಬರೆದುಕೊಳ್ಳಬೇಕು. ಯಾರ ಗುಟ್ಟನ್ನು ಕಾಪಾಡಲು ಯಾರನ್ನು ಅಳಿಸುತ್ತಿದ್ದೇವೆ ಎಂದು ನೀವೂ ಯೋಚಿಸಬೇಕು ಅಂತ ನನ್ನ ವಿನಂತಿ.

ಪ್ರಶ್ನೆ: ಹಳೆಯದು ಹೋಯಿತು ಸರಿ. ನಾವು ವಿದ್ಯಾರ್ಥಿಗಳು ಈಗ ಏನು ಮಾಡಬಹುದು ಸಾರ್?
— ಧಾರವಾಡದ ಎಂ.ಎ. ವಿದ್ಯಾರ್ಥಿ

ಉತ್ತರ: ಬಹಳ ಮಾಡಬಹುದಪ್ಪಾ. 2027ರ ಗಣತಿ ನಮ್ಮ ದೇಶದ ಮೊದಲ ಡಿಜಿಟಲ್ ಗಣತಿ. ಹಾಳೆ ಇಡಲು ಜಾಗವಿಲ್ಲ, ಗೆದ್ದಲು ಹಿಡಿಯುತ್ತದೆ ಎಂಬ ಹಳೆಯ ಕಾರಣ ಇನ್ನು ನಡೆಯುವುದಿಲ್ಲ. ನವದೆಹಲಿಯ ರಿಜಿಸ್ಟ್ರಾರ್ ಜನರಲ್ ಮತ್ತು ಜನಗಣತಿ ಆಯುಕ್ತರಿಗೆ ಪತ್ರ ಬರೆಯಿರಿ, ನಿಮ್ಮ ಸಂಸದರಿಗೂ ಒಂದು ಪ್ರತಿ ಕಳಿಸಿ. ಪತ್ರ ಚಿಕ್ಕದಿರಲಿ. ಮನೆಮನೆಯ ಮಾಹಿತಿ ಅಳಿಸಬೇಡಿ, ರಾಷ್ಟ್ರೀಯ ಪತ್ರಾಗಾರಕ್ಕೆ ಒಪ್ಪಿಸಿ. 15ನೇ ಸೆಕ್ಷನ್‌ಗೆ ನೂರು ವರ್ಷದ ಮಿತಿ ಸೇರಿಸಿ. ಅಲ್ಲಿಯವರೆಗೆ ಪೊಲೀಸರೂ ಸೇರಿ ಯಾರಿಗೂ ಕೊಡಬೇಡಿ. ಮೂರನೆಯದನ್ನು ಬಿಡಬೇಡಿ. ದಾವಣಗೆರೆಯ ತಾಯಿಯಂಥವರು ಸಹಿ ಹಾಕುವುದು ಅದಿದ್ದರೆ ಮಾತ್ರ.

ನಿಮ್ಮ ಮನೆತನದ ಮಟ್ಟಿಗೆ, ಊರ ಹಳೆಯ ಸರ್ಕಾರಿ ಶಾಲೆಯ ದಾಖಲಾತಿ ರಿಜಿಸ್ಟರ್, ತಾಲ್ಲೂಕು ಕಚೇರಿಯ ಹಳೆಯ ಪಹಣಿ ನೋಡಿ. ನಿಮ್ಮ ಕಡೆ ಹೆಳವರು ಬರುತ್ತಾರಲ್ಲ, ಹೊತ್ತಿಗೆ ಬಿಚ್ಚಿ ವಂಶಾವಳಿ ಹೇಳುವವರು? ಈ ಸಲ ಬಂದಾಗ ಕೂರಿಸಿ, ಪೂರ್ತಿ ಓದಿಸಿ, ಅವರನ್ನು ಕೇಳಿಯೇ ರೆಕಾರ್ಡ್ ಮಾಡಿಕೊಳ್ಳಿ. ಅವರಿಗೆ ಸಲ್ಲಬೇಕಾದ ಕಾಳು, ಕಾಣಿಕೆ ಕೊಟ್ಟು ಕಳಿಸಿ.